ಬಚ್ಚಲ ಕದದ ಮೇಲಿನ ಸೀರೆ

ಮನೆಯಲ್ಲಿ ಯಾರ್ಯಾರು ಇದ್ದೀರಿ ಎಂದು ಕೇಳದೆ ಬಚ್ಚಲಿಗೆ ಕೈ ಹಚ್ಚಬಾರದು ಎಂಬುದು ರಾಜೇಸಾಬ ಗೌಂಡಿಯ ನಿಯಮ. ಜಮಖಂಡಿಯ ನಮ್ಮ ಮನೆಗೆ ಅವನು ಟೇಪು ಹಿಡಿದು ಬಂದ ದಿನವೂ ಮೊದಲು ಅದನ್ನೇ ಕೇಳಿದ. ನಾನು, ನಮ್ಮವರು, ಬರುವ ತಿಂಗಳಿನಿಂದ ಎಂಬತ್ತು ದಾಟಿದ ನನ್ನ ಸೋದರತ್ತೆ ಎಂದೆ. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಗೋಡೆಯ ಮೇಲೆಯೇ ಗೀಚುತ್ತಾ ಹೋದ. ಹೊಸ್ತಿಲು ಕಿತ್ತು ನೆಲ ಸಮ ಮಾಡಬೇಕು, ಕಾಲು ಜಾರದ ಟೈಲ್ಸ್ ಹಾಕಬೇಕು, ಕೂತು ಏಳಲು ಗೋಡೆಗೊಂದು ಸ್ಟೀಲಿನ ಸಲಾಕೆ, ಕೂತು ಸ್ನಾನ ಮಾಡಲು ಒಂದು ಕಟ್ಟೆ. ಎಲ್ಲದಕ್ಕೂ ತಲೆ ಆಡಿಸಿದೆ. ಇಷ್ಟು ತಿಳಿದ ಗೌಂಡಿ ಸಿಕ್ಕಿದ್ದು ನಮ್ಮ ಪುಣ್ಯ ಎಂದೂ ಅಂದುಕೊಂಡೆ. ಕೊನೆಗೆ ಅವನು ಕದದ ಹತ್ತಿರ ಬಂದು ನಿಂತ.

“ಒಳಗಿನ ಚಿಲಕಾ ತಗದ ಬಿಡ್ತೀನ್ರಿ ಅಕ್ಕೋರ. ವಯಸ್ಸಾದವರು ಇರೂ ಮನ್ಯಾಗ ಈಗ ಯಾರೂ ಇಡಂಗಿಲ್ರಿ. ಒಳಗ ಬಿದ್ದ್ರ ಕದಾ ಒಡೀಬೇಕಾಗತೈತಿ.”

“ಚಿಲಕಾ ಇರಬೇಕು. ಅದೊಂದು ಮಾತು ಎತ್ತಬ್ಯಾಡ.”

ಮೂವತ್ತು ವರ್ಷ ಒಂಬತ್ತನೇ ಕ್ಲಾಸನ್ನು ಹದ್ದುಬಸ್ತಿನಲ್ಲಿಟ್ಟ ಗಂಟಲಿನಿಂದ ಹೇಳಿದ್ದೆ. ಪಾಪ, ಅವನು ಟೇಪು ಸುತ್ತಿಕೊಂಡ. ಪೇಪರು ಓದುತ್ತಿದ್ದ ನಮ್ಮವರು ಕನ್ನಡಕ ಹಣೆಗೇರಿಸಿಕೊಂಡು ಎದ್ದು ಬಂದು, “ಅಂವಾ ತಪ್ಪೇನ ಹೇಳ್ಯಾನ?” ಎಂದರು. ಅವನೇನೂ ತಪ್ಪು ಹೇಳಿರಲಿಲ್ಲ. ಅತ್ತಿಯನ್ನೇ ಕೇಳಿ ಹೇಳುತ್ತೇನೆ ಎಂದು ಗೌಂಡಿಯನ್ನು ಕಳಿಸಿಬಿಟ್ಟೆ. ನನಗೇಕೆ ಅಷ್ಟು ಸಿಟ್ಟು ಬಂತೆಂದು ನಮ್ಮವರಿಗೆ ಈ ಹೊತ್ತಿಗೂ ತಿಳಿದಿಲ್ಲ. ಜೊತೆಗೆ ಬಾಳಿದ ನಲವತ್ತು ವರ್ಷಗಳಲ್ಲಿ ಅವರಿಗೆ ನಾನು ಹೇಳದೆ ಉಳಿಸಿಕೊಂಡಿದ್ದು ಇದೊಂದೇ. ಈಗ ಬರೆಯುತ್ತಿದ್ದೇನೆ, ಎಲ್ಲರ ಜೊತೆಗೆ ಅವರೂ ಓದಿಕೊಳ್ಳಲಿ.

ನಾನು ಹುಟ್ಟಿ ಬೆಳೆದ ಬನಹಟ್ಟಿಯ ಮನೆ ಉದ್ದಕ್ಕೆ ಮಲಗಿಕೊಂಡಂತಿತ್ತು. ಬೀದಿಗೆ ಹತ್ತಿದ ಪಡಸಾಲೆಯಲ್ಲಿ ಎರಡು ಮಗ್ಗ, ಅದರ ಹಿಂದೆ ನೂಲಿನ ಚೀಲಗಳೂ ಹಾಸಿಗೆಗಳೂ ಒಟ್ಟಿಗೇ ಇರುತ್ತಿದ್ದ ನಡುಮನೆ, ಆಮೇಲೆ ಅಡುಗೆಮನೆ, ಅದನ್ನೂ ದಾಟಿದರೆ ಅಂಗಳ. ಅಂಗಳದ ತುಂಬ ಹಗ್ಗ, ಹಗ್ಗದ ತುಂಬ ಸೀರೆ. ಅಂಗಳದ ಮೂಲೆಯಲ್ಲಿ ಮೂರು ಗೋಡೆಯ ಬಚ್ಚಲು. ಒಂದು ಒಲೆ, ಅದರ ಮೇಲೆ ತಾಮ್ರದ ಹಂಡೆ, ಕೂತು ಸ್ನಾನ ಮಾಡಲು ಒಂದು ಒರಟು ಫರ್ಶಿಕಲ್ಲು. ನಾಲ್ಕನೆಯ ಗೋಡೆಯ ಜಾಗದಲ್ಲಿ ತೂಗುಬಿಟ್ಟ ಗೋಣಿತಾಟು. ಒಳಗೆ ಹೋದವರು ತಮ್ಮ ಮಡಿ ಬಟ್ಟೆಯನ್ನು ಅದರ ಮೇಲೆ ಹಾಕಬೇಕು, ಅದೇ ಗುರುತು. ಧೋತರ ಕಂಡರೆ ಅಪ್ಪ, ಬಿಳಿ ಸೀರೆ ಕಂಡರೆ ಆಯಿ, ಅಂದರೆ ಅಪ್ಪನ ತಾಯಿ. ಬಣ್ಣದ ಸೀರೆಯಾದರೆ ಅವ್ವ ಇಲ್ಲವೆ ನೀಲತ್ತಿ. ನನಗೆ ಬುದ್ಧಿ ತಿಳಿದಾಗಿನಿಂದ ಈ ಗುರುತನ್ನು ಮೀರಿ ಯಾರೂ ಒಳಗೆ ಕಾಲಿಟ್ಟಿರಲಿಲ್ಲ.

ನೀಲತ್ತಿ ಅಪ್ಪನ ತಂಗಿ. ಹುನ್ನೂರಿಗೆ ಕೊಟ್ಟಿದ್ದರು. ಗಂಡ ಎರಡನೆಯವಳನ್ನು ತಂದ ಮೇಲೆ ಒಂದು ಟ್ರಂಕು ಹಿಡಿದುಕೊಂಡು ಮರಳಿ ಬಂದಳು. ಆಗ ಅವಳಿಗೆ ಇಪ್ಪತ್ತೈದೋ ಇಪ್ಪತ್ತಾರೋ. ಬಾಯಿ ತೆರೆದು ನಗುತ್ತಿದ್ದಳು, ಅದು ಆಯಿಗೆ ಸೇರುತ್ತಿರಲಿಲ್ಲ. ಗಂಡ ಬಿಟ್ಟವಳಿಗೆ ಅಷ್ಟು ನಗು ಎಲ್ಲಿಂದ ಬರುತ್ತದೆ ಎಂಬುದು ಆಯಿಯ ದಿನದ ಪ್ರಶ್ನೆ. ಸೋಮವಾರ ನನ್ನ ತಲೆ ಎರೆಯುವವಳು ಅವಳೇ. ಸೀಗೇಕಾಯಿ ಕಣ್ಣಿಗೆ ಇಳಿಯದಂತೆ ಒಂದು ಅಂಗೈಯನ್ನು ನನ್ನ ಹಣೆಗೆ ಅಡ್ಡ ಹಿಡಿದು ಇನ್ನೊಂದು ಕೈಯಲ್ಲಿ ತಿಕ್ಕುತ್ತಿದ್ದಳು. ಹಂಚಿನಿಂದಿಳಿದ ಮೊದಲ ಉಬ್ಬಿದ ರೊಟ್ಟಿಯನ್ನು ಅಪ್ಪನ ತಾಟಿಗೆ ಹಾಕುವ ಮುಂಚೆ ಅಂಚು ಮುರಿದು, ಶೇಂಗಾ ಹಿಂಡಿ ಮೊಸರು ಸವರಿ ನನ್ನ ಕೈಗಿಡುತ್ತಿದ್ದಳು. ಅವ್ವನಿಗಿಂತ ಅವಳನ್ನೇ ನಾನು ಹೆಚ್ಚು ಹಚ್ಚಿಕೊಂಡಿದ್ದೆ ಎಂದರೆ ಅವ್ವ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಅವಳಿಗೆ ಮಗ್ಗದ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತಿ ಮುಗಿಸುವುದೇ ಸಾಕಾಗಿರುತ್ತಿತ್ತು. ಮಗ್ಗದ ಮನೆಯಲ್ಲಿ ಸ್ನಾನಕ್ಕೂ ಪಾಳಿ. ಮಗ್ಗಕ್ಕೆ ಕೂರುವ ಅಪ್ಪ ಮೊದಲು, ಆಮೇಲೆ ಆಯಿ, ಸಾಲೆಗೆ ಹೋಗುವ ನಾನು, ಅವ್ವ. ಕಸ, ಪಾತ್ರೆ, ಬಟ್ಟೆ, ಕಂಡಿಕೆ ಎಲ್ಲ ಮುಗಿಸಿ ನೀಲತ್ತಿಯ ಪಾಳಿ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿ, ಹಂಡೆಯ ಒಲೆ ಆರಿ, ನೀರು ಉಗುರುಬೆಚ್ಚಗಾಗಿರುತ್ತಿತ್ತು.

ಒಂದು ಮಳೆಗಾಲ ಬಚ್ಚಲಿನ ಒಂದು ಗೋಡೆ ಕುಸಿಯಿತು. ದೀಪಾವಳಿಯ ನೀರು ತುಂಬುವ ಹಬ್ಬದೊಳಗೆ ಹೊಸ ಬಚ್ಚಲು ಆಗಲೇಬೇಕು ಎಂದು ಅಪ್ಪ ಮಗ್ಗದಿಂದ ಎದ್ದು ಬಂದು ಘೋಷಿಸಿದ. ಸಂಜೆ ಊಟಕ್ಕೆ ಕೂತಾಗ ಯೋಜನೆ ಶುರುವಾಯಿತು. ನಾನಾಗ ಐದನೇ ಇಯತ್ತೆ. ಅಕ್ಷರ ದುಂಡಗಿದ್ದವು ಎಂದು ಗೌಂಡಿಗೆ ಕೊಡುವ ಚೀಟಿ ಬರೆಯುವ ಕೆಲಸ ನನ್ನದಾಯಿತು. ಎಡಗೈಯಲ್ಲಿ ಪೆನ್ಸಿಲು ಹಿಡಿದು ಬಲಗೈಯಲ್ಲಿ ಉಣ್ಣಲು ಹೋಗಿ ಬೈಸಿಕೊಂಡೆ. ಅಪ್ಪನಿಗೆ ಸಿಮೆಂಟಿನ ನೀರಿನ ತೊಟ್ಟಿ ಬೇಕು. ಆಯಿಗೆ ಒಲೆಯ ಬಾಯಿ ಹೊರಗಡೆ ಇರಬೇಕು, ಕಟ್ಟಿಗೆ ಹಾಕಲು ಒಳಗೆ ಬಗ್ಗುವುದು ಅವಳಿಂದಾಗದು. ಅವ್ವನಿಗೆ ಮೊಳಕಾಲೆತ್ತರದ ಒಗೆಯುವ ಕಲ್ಲು. ನನಗೆ ಕನ್ನಡಿ. ಎಲ್ಲರೂ ನಕ್ಕರು, ಆದರೂ ಅಪ್ಪ ಬರಿ ಬರಿ ಎಂದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನೀಲತ್ತಿ ಆ ಕಡೆ ಮುಖ ಮಾಡಿಕೊಂಡೇ ಹೇಳಿದಳು.

“ಅಣ್ಣಾ, ಕದಕ್ಕ ಒಳಗೊಂದು ಚಿಲಕಾ ಹಾಕಸು.”

ನಾನು ಬರೆದೆ. ಆಯಿಯ ಕೈ ತಾಟಿನಲ್ಲೇ ನಿಂತಿತು.

“ಚಿಲಕಾ ಯಾಕಬೇ? ಹೊಗಿ ತುಂಬಿ ಎಚ್ಚರ ತಪ್ಪಿ ಬಿದ್ದ್ರ ಕದಾ ಒಡದ ತಗೀಬೇಕೇನ ನಿನ್ನ? ಮುಚಗೊಂಡ ಮಾಡುವಂಥಾದ್ದ ಏನೈತಿ ಬಚ್ಚಲದಾಗ?”

“ಮುಚಗೊಳ್ಳೂದಲ್ಲವಾ, ಒಂದೀಟು ಧೈರ್ಯ ಇರತೈತಿ.”

“ನಮಗ್ಯಾರಿಗೂ ಬ್ಯಾಡಾದ ಧೈರ್ಯ ನಿನಗೊಬ್ಬಾಕಿಗೆ ಬೇಕಾತು.”

ಅಪ್ಪನಿಗೆ ತಾಯಿ-ತಂಗಿಯರ ಜಗಳ ಎಂದರೆ ಎಳೆ ಹರಿದ ಮಗ್ಗಕ್ಕಿಂತ ದೊಡ್ಡ ತಲೆನೋವು. ಸೀರೆ ಹಾಕಿದರೆ ಸಾಕಲ್ಲ, ಇಷ್ಟು ವರ್ಷ ಯಾರಾದರೂ ಒಳಗೆ ಹೊಕ್ಕಿದ್ದಾರೇನು ಎಂದು ಇಬ್ಬರಿಗೂ ಕೇಳುವಂತೆ ಹೇಳಿ, ನನ್ನ ಕಡೆ ತಿರುಗಿ, “ಅದನ್ನ ಹೊಡದ ಹಾಕು ಕಸ್ತೂ” ಎಂದ. ನಾನು ಅದರ ಮೇಲೆ ಅಡ್ಡಗೆರೆ ಎಳೆದೆ. ಸ್ಕೇಲಿಟ್ಟು, ನೀಟಾಗಿ ಎಳೆದೆ. ಹಬ್ಬದೊಳಗೆ ಬಚ್ಚಲಾಯಿತು. ತೊಟ್ಟಿ ಬಂತು, ಕಲ್ಲು ಬಂತು, ಒಲೆಯ ಬಾಯಿ ಹೊರಗೆ ಬಂತು, ನನ್ನ ಕನ್ನಡಿಯೂ ಬಂತು. ಬೇವಿನ ಹಲಗೆಯ ಕದ ಹೊರಗಡೆ ತೆರೆಯುವಂತೆ ಕೂರಿಸಿದರು. ಅದರ ಮೇಲಂಚಿಗೆ ಸೀರೆ ಹಾಕಿ ಎಳೆದುಕೊಂಡರೆ, ಸೀರೆಯ ದಪ್ಪಕ್ಕೇ ಕದ ಚೌಕಟ್ಟಿನಲ್ಲಿ ಬಿಗಿಯಾಗಿ ನಿಲ್ಲುತ್ತಿತ್ತು. ಇದೇ ಚಿಲಕ ಅಲ್ಲವೇನು ಎಂದು ಅಪ್ಪ ಹಿಗ್ಗಿದ.

ಅದು ಸಂಕ್ರಾಂತಿ ಕಳೆದ ಮೇಲಿನ ಒಂದು ರವಿವಾರ. ಮುಧೋಳದ ಸೀರೆ ವ್ಯಾಪಾರಿ ಮಾಲು ನೋಡಲು ಬಂದಿದ್ದರು. ವಯಸ್ಸಾದ, ಸಭ್ಯ ಮನುಷ್ಯ. ನಮ್ಮ ಮನೆಯ ಹೆಂಗಸರ ಮುಖವನ್ನು ಒಮ್ಮೆಯೂ ನೆಟ್ಟಗೆ ನೋಡಿದವರಲ್ಲ. ಸೀರೆಯ ಬಣ್ಣವನ್ನು ಮಾತ್ರ ಛಾವಣಿಯಡಿ ನೋಡಿ ಒಪ್ಪುವವರಲ್ಲ, ಬಿಸಿಲಲ್ಲೇ ನೋಡಬೇಕು. ಅಪ್ಪ ಹರಿದ ಎಳೆ ಕಟ್ಟುತ್ತಿದ್ದ. ಆಯಿ ಮತ್ತು ಅವ್ವ ನಡುಮನೆಯಲ್ಲಿ ಕಂಡಿಕೆಗೆ ಕೂತಿದ್ದರು. ಸಾವುಕಾರರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಸೀರೆ ತೋರಿಸು ಎಂದು ಅಪ್ಪ ನನಗೆ ಹೇಳಿದ. ನಾನು ದೊಡ್ಡಸ್ತಿಕೆಯಿಂದ ಮುಂದೆ ಮುಂದೆ ನಡೆದೆ. ಅವರು ಹಗ್ಗದ ಮೇಲಿನ ಒಂದೊಂದು ಸೀರೆಯನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿ ನೋಡುತ್ತ ಬಂದರು. ಕೊನೆಯ ಹಗ್ಗದ ಆಚೆ ಬಚ್ಚಲ ಕದ, ಕದದ ಮೇಲೆ ಕೆಂಪು ಸೀರೆ. ಮಿಕ್ಕ ನೂಲಿನಲ್ಲಿ ತನ್ನದೇ ಒಂದು ಹೊಸ ದಡಿ, ಅಂದರೆ ಅಂಚು, ಹಾಕಿ ಅಪ್ಪ ತಂಗಿಗೆಂದು ನೇಯ್ದುಕೊಟ್ಟ ಸೀರೆ. ಒಗೆದು ಗಂಜಿ ಹಾಕಿದ್ದರಿಂದ ಈಗಷ್ಟೇ ಮಗ್ಗದಿಂದ ಇಳಿದಂತಿತ್ತು.

“ಇದ್ಯಾವ ದಡಿ ತಂಗೀ? ಎಲ್ಲೂ ನೋಡಿಲ್ಲಲಾ. ನಿಮ್ಮ ಮಗ್ಗದ್ದೇನ?”

“ಹೌದರಿ. ನಮ್ಮಪ್ಪನ ನೇಯ್ದಾನ್ರಿ.”

ಬೇರೆ ಯಾವ ಊರಿನಲ್ಲಾದರೂ ಬಚ್ಚಲ ಕದದ ಮೇಲೆ ಸೀರೆ ಕಂಡ ಗಂಡಸು ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಬನಹಟ್ಟಿಯಲ್ಲಿ ಹಗ್ಗ, ಗಿಡ, ಗೋಡೆ, ಕಿಟಕಿ, ಎಲ್ಲಿ ನೋಡಿದರೂ ಸೀರೆಯೇ. ಅದು ಉಡುವ ಬಟ್ಟೆ ಎಂಬುದು ಅಲ್ಲಿ ನೆನಪಿಗೆ ಬರುವುದು ಕೊನೆಗೆ. ಅದರಲ್ಲೂ ಅವರು ವ್ಯಾಪಾರಿ. ಅವರಿಗೆ ತಿಳಿಯಲಿಲ್ಲ. ನನಗೆ ತಿಳಿದಿತ್ತು. ಅತ್ತಿ ತಂಬಿಗೆ ಹಿಡಿದು ಒಳಗೆ ಹೋದದ್ದನ್ನು ನಾನು ನೋಡಿದ್ದೆ. ಆದರೆ ಸಾವುಕಾರರು ಅಪ್ಪನ ದಡಿಯನ್ನು ಹೊಗಳುತ್ತಾರೆ ಎಂಬ ಆಸೆ ಬಾಯಿಗೆ ಬಂದು ಕೂತಿತ್ತು. ಅವರು ಕಣ್ಣಿನಿಂದಷ್ಟೇ ನೋಡುತ್ತಾರೆ ಎಂದುಕೊಂಡಿದ್ದೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಮಗ್ಗದ ಮನೆಯಲ್ಲಿ ಹುಟ್ಟಿದ ಯಾವ ಹುಡುಗಿ ಇದನ್ನು ನಂಬುತ್ತಾಳೆ? ಸೀರೆಯನ್ನು ಮುಟ್ಟದೆ ನೋಡುವ ವ್ಯಾಪಾರಿಯನ್ನು ನಾನು ಈವರೆಗೂ ಕಂಡಿಲ್ಲ.

ಅವರು ಸೆರಗಿನ ತುದಿ ಹಿಡಿದು ಬಿಸಿಲಿಗೆಂದು ಎಳೆದರು. ಸೀರೆಯ ಜೊತೆಗೆ ಕದವೂ ಬಂತು. ಕಣ್ಣು ಮುಚ್ಚಿ ತಲೆಗೆ ನೀರು ಸುರಿದುಕೊಳ್ಳುತ್ತಿದ್ದ ಅತ್ತಿಯ ಒಂದು ಚೀರು. ಸಾವುಕಾರರು ಸೀರೆಯನ್ನು ನೆಲಕ್ಕೆ ಬಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಅಡುಗೆಮನೆ ನಡುಮನೆ ಪಡಸಾಲೆ ದಾಟಿ, ಚಪ್ಪಲಿಯನ್ನೂ ಬಿಟ್ಟು ಬೀದಿಗೆ ಬಿದ್ದರು. ಅತ್ತಿ ಕದ ಎಳೆದುಕೊಂಡಳು. ಅಂಗಳದಲ್ಲಿ ನಾನು, ನನ್ನ ಕಾಲ ಬಳಿ ಕೆಂಪು ಸೀರೆ. ಒಳಗಿಂದ ಆಯಿಯ ಹೆಜ್ಜೆ ಕೇಳಿಸಿತು. ಆಗ ನಾನು ಮಾಡಿದ್ದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸೀರೆ ಎತ್ತಿ, ಮಣ್ಣು ಜಾಡಿಸಿ, ಹಗ್ಗದ ಮೇಲೆ ಉಳಿದ ಸೀರೆಗಳ ನಡುವೆ ಹಾಕಿಬಿಟ್ಟೆ.

ಅವ್ವ ಬೇರೆ ಸೀರೆ ಕೊಟ್ಟ ಮೇಲೆ ಅತ್ತಿ ಹೊರಗೆ ಬಂದಳು. ಕೂದಲಿನಿಂದ ನೀರು ಸುರಿಯುತ್ತಿತ್ತು. ಅಪ್ಪ ನೆಲ ನೋಡುತ್ತ ನಿಂತಿದ್ದ. ಕದದ ಮೇಲೆ ಸೀರೆ ಹಾಕದೆ ಯಾಕೆ ಕೂತಿದ್ದೆ ಎಂದು ಆಯಿ ಕೇಳಿದಳು.

“ಹಾಕಿದ್ನಲ್ಲವಾ! ಕೆಂಪ ಸೀರಿ ಹಾಕಿದ್ನಿ. ಕಸ್ತೂ, ನಾ ಸೀರಿ ಹಾಕಿದ್ನಿ ಅಲ್ಲೇನ?”

“ಇಲ್ಲತ್ತಿ. ಅದು ಹಗ್ಗದ ಮ್ಯಾಲೇ ಐತಿ ನೋಡು.”

ಎಲ್ಲರೂ ಹಗ್ಗ ನೋಡಿದರು. ಅತ್ತಿಯೂ ನೋಡಿದಳು. ಸೀರೆ ಅಲ್ಲಿತ್ತು. ಅವಳು ಸೀರೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಬಾಯಿ ಮುಚ್ಚಿದಳು. ಆಯಿ ಬಿಡಲಿಲ್ಲ. ಮನೆಗೆ ಗಂಡಸರು ಬಂದದ್ದು ಗೊತ್ತಿದ್ದೂ ಹೀಗೆ ಕೂತವಳನ್ನು ಹುನ್ನೂರಿನವನು ಬಿಟ್ಟದ್ದೇ ಸರಿ ಎಂಬ ಮಾತನ್ನು ಹೆತ್ತ ತಾಯಿ ಆಡಿದಳು. ಮರುದಿನ ಅಪ್ಪ ಚಪ್ಪಲಿಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಮುಧೋಳಕ್ಕೆ ಹೋದ. ನಾಚಿಕೆಯಿಂದ ಅವರು ಏನೂ ಹೇಳಲಿಲ್ಲ, ನಾಚಿಕೆಯಿಂದ ಇವನು ಏನೂ ಕೇಳಲಿಲ್ಲ. ಅವರಿಬ್ಬರು ಎರಡು ಮಾತಾಡಿದ್ದರೆ ನನ್ನ ಸುಳ್ಳು ಅಂದೇ ಮುರಿದು ಬೀಳುತ್ತಿತ್ತು.

ಅವತ್ತಿನಿಂದ ಮನೆಯ ಊಟ ಬದಲಾಯಿತು. ಮೊದಲ ರೊಟ್ಟಿಯ ಅಂಚು ನನ್ನ ಕೈಗೆ ಬರುತ್ತಲೇ ಇತ್ತು, ನನಗೆ ನುಂಗಲಾಗುತ್ತಿರಲಿಲ್ಲ. ಅಪ್ಪ ತಂಗಿಗೆ ಏನಾದರೂ ಹೇಳಬೇಕಾದರೆ ಅವ್ವನ ಮೂಲಕ ಹೇಳಿಸುತ್ತಿದ್ದ. ಅತ್ತಿಯ ಬಾಯಿ ತೆರೆದ ನಗು ನಿಂತಿತು, ಆಯಿಗೆ ಬೇಕಾಗಿದ್ದುದೂ ಅದೇ. ಒಂದು ದಿನ ತಲೆ ಎರೆಯುವಾಗ ಹೇಳಿಬಿಡಬೇಕು ಎಂದು ಬಾಯಿ ತೆರೆದೆ, ಸೀಗೇಕಾಯಿ ನೀರು ಬಾಯಿಗೆ ಹೋಯಿತು, ಅದನ್ನೇ ನೆಪ ಮಾಡಿಕೊಂಡು ಸುಮ್ಮನಾದೆ. ಯುಗಾದಿಯ ಹೊತ್ತಿಗೆ ಬೀಳಗಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆಯವಳು ಬೇಕೆಂದು ಯಾರೋ ಹೇಳಿದರು. ಅತ್ತಿ ಅದೇ ಟ್ರಂಕು ಹಿಡಿದು ಹೊರಟಳು. ಬಸ್ಸು ಮರೆಯಾದಾಗ ನನಗೆ ಅಳು ಬರಲಿಲ್ಲ, ಹಗುರವೆನಿಸಿತು. ಇದನ್ನು ಬರೆಯುವಾಗ ಕೈ ಹಿಂದೆ ಸರಿಯುತ್ತದೆ, ಆದರೂ ಖರೆ.

ಆಮೇಲೆ ನಾನು ದೊಡ್ಡವಳಾದೆ, ಓದಿದೆ, ಶಿಕ್ಷಕಿಯಾದೆ. ಸುಳ್ಳು ಹೇಳಿ ಸಿಕ್ಕಿಬಿದ್ದ ಮಕ್ಕಳಿಗೆ ನಾನು ಕೊಟ್ಟ ಪೆಟ್ಟುಗಳನ್ನು ಅವರು ಮರೆತಿರಬಹುದು, ನನಗೆ ನೆನಪಿವೆ. ಅತ್ತಿ ಬೀಳಗಿಯಲ್ಲಿ ಬೇರೂರಿದಳು. ನಿವೃತ್ತಳಾದ ಮೇಲೂ ಹಾಸ್ಟೆಲ್ಲಿನ ಹಿಂದಿನ ಓಣಿಯಲ್ಲೇ ಒಂದು ಕೋಣೆ ಮಾಡಿಕೊಂಡಳು. ಅವಳ ಕೈಯಲ್ಲಿ ಉಂಡ ಹುಡುಗಿಯರು ಸೀರೆ ತಂದುಕೊಡುತ್ತಿದ್ದರು, ಆಸ್ಪತ್ರೆಗೆ ಒಯ್ಯುತ್ತಿದ್ದರು. ನನ್ನ ಮದುವೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತು ಹೋದಳು. ಈ ಇಷ್ಟೂ ವರ್ಷ ನನ್ನನ್ನು ಉಳಿಸಿದ್ದು ಒಂದೇ ಸಮಾಧಾನ. ಅವಳಿಗೆ ಎಲ್ಲ ಗೊತ್ತಿತ್ತು. ಹಗ್ಗದ ಮೇಲಿನ ಸೀರೆ ಕಂಡ ಕೂಡಲೇ ಅದನ್ನು ಹಾಕಿದ ಕೈ ಯಾವುದೆಂದು ತಿಳಿದು, ಹುಡುಗಿಗೆ ಪೆಟ್ಟು ಬೀಳಬಾರದೆಂದು ಅವಳು ಬಾಯಿ ಮುಚ್ಚಿದಳು. ಹೀಗೆಂದು ನಾನೇ ಕಟ್ಟಿಕೊಂಡು, ನಾನೇ ನಂಬಿಕೊಂಡು, ಅವಳ ಮೇಲೆ ಮತ್ತಷ್ಟು ಪ್ರೀತಿ ಇಟ್ಟುಕೊಂಡಿದ್ದೆ. ಕಳೆದ ವರ್ಷ ಅವಳು ಬಿದ್ದು ಸೊಂಟದ ಎಲುಬು ಮುರಿದುಕೊಂಡಾಗ ನಮ್ಮ ಮನೆಗೆ ಬಾ ಎಂದು ಹಟ ಹಿಡಿದೆ. ತಿಂಗಳುಗಟ್ಟಲೆ ಬೇಡ ಎಂದವಳು ಕೊನೆಗೆ ಹೂಂ ಎಂದಳು. ಟೈಲ್ಸು, ಸಲಾಕೆ ಹಾಕಿಸಿ ತಪ್ಪು ತೊಳೆದುಕೊಳ್ಳಲು ಹೊರಟಿದ್ದೆ ಎಂದರೂ ಸರಿಯೇ.

ರಾಜೇಸಾಬನಿಂದ ನಕ್ಷೆಯನ್ನು ಕಾಗದದ ಮೇಲೆ ಬರೆಸಿಕೊಂಡು ಬೀಳಗಿಗೆ ಹೋದೆ. ಬಾಡಗಂಡಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಹೋಗಿ ಮುಟ್ಟಿದಾಗ ಅತ್ತಿ ವಾಕರ್ ಪಕ್ಕಕ್ಕಿಟ್ಟು ಮಂಚದ ಮೇಲೆ ಕೂತು ಮೆಂತ್ಯೆ ಸೋಸುತ್ತಿದ್ದಳು. ನಕ್ಷೆ ಬಿಡಿಸಿ ಒಂದೊಂದೇ ತೋರಿಸಿದೆ. ಕಟ್ಟೆ ಇನ್ನೊಂದು ಗೇಣು ಎತ್ತರ ಇರಲಿ ಎಂದಳು, ಸಲಾಕೆ ಎಡಗಡೆ ಇರಲಿ ಎಂದಳು. ಮುಖದಲ್ಲಿ ಖುಷಿ ಇತ್ತು.

“ಒಳಗ ಚಿಲಕಾ ಇಡಸ್ತೀನಿ ಅತ್ತಿ. ಗಟ್ಟಿಮುಟ್ಟಾದ್ದು.”

“ಬ್ಯಾಡವಾ. ಚಿಲಕಾ ಹಾಕಿದ್ನೋ ಇಲ್ಲೋ ಅನ್ನೂದ ನನಗ ಖಾತ್ರಿ ಇರಂಗಿಲ್ಲ. ನನ್ನ ನೆನಪಿನ ಮ್ಯಾಲ ಭರೋಸಾ ಇಡಬ್ಯಾಡ. ಹರೇದಾಗ, ಮನ್ಯಾಗ ಪರಗಂಡಸು ಇದ್ದಾಗ, ಸೀರಿ ಹಾಕೂದನ್ನ ಮರತ ಕುಂತಾಕಿ ನಾ. ಹಾಕೀನಿ ಅಂತ ವಾದಾ ಬ್ಯಾರೆ ಮಾಡಿದ್ನಿ. ನೀ ಸಣ್ಣಾಕಿ, ಖರೇದ್ದ ಹೇಳಿದಿ.”

ಅವಳು ಬೇಸರದಿಂದ ಹೇಳಲಿಲ್ಲ. ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವವರಂತೆ ಹೇಳಿ ಮೆಂತ್ಯೆಯ ದಂಟು ಮುರಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಅವಳು ನನ್ನನ್ನು ಉಳಿಸಲೂ ಇಲ್ಲ, ಕ್ಷಮಿಸಲೂ ಇಲ್ಲ. ನನ್ನನ್ನು ನಂಬಿದ್ದಳು, ಅಷ್ಟೇ. ತಾನು ಹಾಕಿದ ಸೀರೆಯ ನೆನಪಿಗಿಂತ ಹತ್ತು ವರ್ಷದವಳಾಗಿದ್ದ ನನ್ನ ಮಾತನ್ನು ಹೆಚ್ಚು ನಂಬಿದ್ದಳು. ನಾನು ಹೇಳಿದೆ. ಸಾವುಕಾರರು ಕೇಳಿದ್ದು, ನಾನು ಹೌದರಿ ಎಂದದ್ದು, ಅವರು ಸೆರಗು ಎಳೆದದ್ದು, ನಾನು ಮಣ್ಣು ಜಾಡಿಸಿ ಹಗ್ಗಕ್ಕೆ ಹಾಕಿದ್ದು, ಯಾವುದನ್ನೂ ಬಿಡಲಿಲ್ಲ. ಅವಳ ಕೈ ಸೊಪ್ಪಿನ ಮೇಲೆ ನಿಂತಿತ್ತು.

“ಹಂಗಾರ ನಾ ಹಾಕಿದ್ನೇನ?”

“ಹಾಕಿದ್ದಿ ಅತ್ತಿ.”

“ನಮ್ಮವ್ವಗ ಹೇಳಿದ್ದೇನ ಇದನ್ನ?”

“ಇಲ್ಲ.”

“ನಿಮ್ಮಪ್ಪಗ?”

“ಇಲ್ಲ.”

ಆಯಿ, ಅಪ್ಪ ಇಬ್ಬರೂ ಹೋಗಿ ಎಷ್ಟೋ ವರ್ಷಗಳಾಗಿವೆ. ಅತ್ತಿ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. ನಾನು ಅವಳ ಕಾಲು ಮುಟ್ಟಲು ಬಗ್ಗಿದೆ, ಅವಳು ಕಾಲು ಒಳಗೆಳೆದುಕೊಂಡಳು.

“ಅವತ್ತಿನಿಂದ ಒಂದೊಂದ ಬಾಗಲಾ ಎರಡೆರಡ ಸಲ ನೋಡೀನಿ ಕಸ್ತೂ. ಹಾಸ್ಟೆಲ್‌ದಾಗ ಗ್ಯಾಸ್ ಬಂದ್ ಮಾಡಿದ್ನೋ ಇಲ್ಲೋ ಅಂತ ಅರ್ಧಾ ಹಾದಿಗೆ ಬಂದು ತಿರುಗಿ ಹೋಗೀನಿ. ಹುಡಿಗ್ಯಾರು ನಗತಿದ್ರು. ನನ್ನ ತಲೀನ ಸರಿ ಇಲ್ಲ ಅಂತ ತಿಳದಿದ್ನಿ.”

ಬರುತ್ತೀ ಅಲ್ಲ ಎಂದು ಕೇಳಿದೆ. ನಿನ್ನ ಬಸ್ಸಿಗೆ ಹೊತ್ತಾಯಿತು ಎಂದಳು. ಬಚ್ಚಲು ಮುಗಿದು ಎರಡು ತಿಂಗಳಾಯಿತು. ಕಟ್ಟೆ ಒಂದು ಗೇಣು ಎತ್ತರಿಸಿದ್ದೇವೆ, ಸಲಾಕೆ ಎಡಗಡೆ ಇದೆ, ಚಿಲಕವನ್ನೂ ಹಾಕಿಸಿದೆ. ಅತ್ತಿ ಬರುತ್ತೇನೆ ಎಂದೂ ಹೇಳಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ. ಎರಡು ಮೂರು ದಿನಕ್ಕೊಮ್ಮೆ ಅವಳೇ ಫೋನ್ ಮಾಡುತ್ತಾಳೆ. ಉಂಡಿರಾ ಎಂದು ಕೇಳುತ್ತಾಳೆ, ಆಮೇಲೆ “ಹೇಳು” ಎನ್ನುತ್ತಾಳೆ. ನಾನು ಹೇಳುತ್ತೇನೆ. ಹಾಕಿದ್ದಿ ಅತ್ತಿ, ನಾ ನೋಡೀನಿ, ನೀ ಹಾಕಿದ್ದಿ.